‘ಕನ್ಯೆ’ ಅಂದ್ರೆ ಯಾರು? ನಮ್ಮ ರೂಮಲ್ಲೇ ನಾಲ್ಕು ಉತ್ತರ

ಕೊರಿಯರ್ ಡಬ್ಬಿಯನ್ನು ಎಲ್ಲರೆದುರು ಬಿಚ್ಚಿದ್ದೇ ತಪ್ಪಾಯಿತು. ಒಳಗಿದ್ದದ್ದು ಮುಟ್ಟಿನ ಕಪ್. ತಿಂಗಳು ತಿಂಗಳು ಪ್ಯಾಡಿಗೆ ದುಡ್ಡು ಸುರಿದು ಸಾಕಾಗಿತ್ತು. ಹಾಸ್ಟೆಲ್ ಬಾತ್‌ರೂಮಿನ ಕಸದ ಡಬ್ಬಿ ತುಂಬಿ ಚೆಲ್ಲುವುದನ್ನು ನೋಡಿಯೂ ಬೇಸತ್ತಿದ್ದೆ. ಕೊನೆಗೆ ಧೈರ್ಯ ಮಾಡಿ ತರಿಸಿದ್ದೆ. ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತಿದ್ದ ಜಮಖಂಡಿ, ಬಿಸಿ ತಾಗಿದವಳಂತೆ ಹಾಸಿಗೆ ಮೇಲೆ ಇಟ್ಟುಬಿಟ್ಟಳು. "ಇದನ್ನ ಹಾಕ್ಕೊಂಡ್ರ ವರ್ಜಿನಿಟಿ ಹೋಗ್ತದಂತ ಲೇ. ಮದುವಿ ಆಗೋಮಟ ತಡಿಯಾಕ ಆಗಂಗಿಲ್ಲೇನು?"

ಹಾಸ್ಟೆಲಿನಲ್ಲಿ ನಾವು ಒಬ್ಬರನ್ನೊಬ್ಬರು ಊರಿನ ಹೆಸರಲ್ಲೇ ಕರೆಯೋದು. ನಮ್ಮ ರೂಮಲ್ಲಿ ಜಮಖಂಡಿ, ಪುತ್ತೂರು, ಮೈಸೂರು ಮತ್ತು ನಾನು. ನನ್ನ ಊರಿನ ಹೆಸರು ಇಲ್ಲಿ ಬರೆಯುತ್ತಿಲ್ಲ. ಯಾಕೆ ಅಂತ ಮುಂದೆ ಓದಿದರೆ ಗೊತ್ತಾಗುತ್ತೆ.

ಪುತ್ತೂರು ಪುಸ್ತಕದಿಂದ ತಲೆ ಎತ್ತಿದಳು. "ಎಂತ ಮಾರಾಯ್ತಿ ನೀನು? ನಮ್ಮ ಜಿಲ್ಲೆಯಲ್ಲಿ ಸರ್ಕಾರವೇ ಹುಡುಗಿಯರಿಗೆ ಕಪ್ ಕೊಟ್ಟದ್ದು. ವರ್ಜಿನಿಟಿ ತೆಗೀಲಿಕ್ಕೆ ಸರ್ಕಾರ ಸ್ಕೀಮ್ ಮಾಡ್ತದಾ?" ಅವಳು ಹೇಳಿದ್ದು ಸರಿ. ಶುಚಿ ಯೋಜನೆಯಲ್ಲಿ ದಕ್ಷಿಣ ಕನ್ನಡ ಮತ್ತು ಚಾಮರಾಜನಗರ ಜಿಲ್ಲೆಗಳ ವಿದ್ಯಾರ್ಥಿನಿಯರಿಗೆ ಪ್ರಾಯೋಗಿಕವಾಗಿ ಕಪ್ ಹಂಚಿದ್ದರು. ಆದರೆ ಜಮಖಂಡಿಯ ಅನುಮಾನ ಅಷ್ಟಕ್ಕೆ ಕರಗಲಿಲ್ಲ. ಕೊನೆಗೆ ಮೈಸೂರೇ ಕೇಳಿದಳು: "ಸರಿ ಕಣ್ರೇ, ಮೊದ್ಲು ವರ್ಜಿನಿಟಿ ಅಂದ್ರೆ ಏನು ಅಂತ ಹೇಳಿ. ಆಮೇಲೆ ಅದು ಹೋಗುತ್ತೋ ಇರುತ್ತೋ ನೋಡೋಣ."

ಮರುದಿನ ಬೆಳಗ್ಗೆ ಇಂಟರ್ನಲ್ಸ್ ಇತ್ತು. ಆದರೂ ರಾತ್ರಿ ಎರಡು ಗಂಟೆವರೆಗೂ ಲೈಟ್ ಆರಲಿಲ್ಲ.

ಜಮಖಂಡಿ ಪ್ರಕಾರ ಮೊದಲ ರಾತ್ರಿ ರಕ್ತ ಬಂದರೆ ಕನ್ಯೆ, ಬರದಿದ್ದರೆ ಇಲ್ಲ. ಅವಳಿಗೆ ಅದನ್ನು ಹೇಳಿದ್ದು ಅವಳ ಅತ್ತಿಗೆ. ಮೈಸೂರಿನದು ಕಾನೂನು ಪುಸ್ತಕದಂಥ ಉತ್ತರ: ಪೂರ್ತಿ ಸಂಭೋಗ ಆದರೆ ಮಾತ್ರ ಹೋದಂತೆ, ಅದಕ್ಕಿಂತ ಕಡಿಮೆಯದು ಲೆಕ್ಕಕ್ಕಿಲ್ಲ. "ಪೂರ್ತಿ ಅಂದ್ರೆ ಎಲ್ಲಿಗೆ ಪೂರ್ತಿ?" ಅಂತ ಕೇಳಿದ್ದಕ್ಕೆ ದಿಂಬು ಎಸೆದಳು. ಪುತ್ತೂರಿಗೆ ಅದು ಮನಸ್ಸಿನ ವಿಷಯ. ಒಬ್ಬನಿಗೆ ಮನಸ್ಸು ಪೂರ್ತಿ ಕೊಟ್ಟವಳು, ಅವನ ಕೈ ಹಿಡಿಯದೇ ಇದ್ದರೂ ಮೊದಲಿನ ಹಾಗೆ ಉಳಿಯುವುದಿಲ್ಲ ಅನ್ನುವುದು ಅವಳ ವಾದ.

ನಾನು? ಇಂಜಿನಿಯರಿಂಗ್ ಓದುವವಳಲ್ವಾ, ಚರ್ಚೆಗೆ ವಿಜ್ಞಾನ ತಂದೆ. "ಅದೊಂದು ಪೊರೆ ಕಣ್ರೇ. ಹರಿದ್ರೆ ಹೋಯ್ತು. ಸೈಕಲ್ ಹೊಡೆದ್ರೂ ಹರಿಯುತ್ತೆ, ಅದಕ್ಕೇ ಗೊಂದಲ" ಅಂದೆ. ನಾಲ್ವರಲ್ಲಿ ಹೆಚ್ಚು ಆತ್ಮವಿಶ್ವಾಸದಿಂದ ಮಾತಾಡಿದ್ದು ನಾನೇ. ಹೆಚ್ಚು ತಪ್ಪು ಹೇಳಿದ್ದೂ ನಾನೇ ಅಂತ ಆಮೇಲೆ ಗೊತ್ತಾಯಿತು.

ನಮ್ಮ ನಾಲ್ಕೂ ಉತ್ತರಗಳ ಬಾಯಿ ಮುಚ್ಚಿಸಿದ್ದು ಜಮಖಂಡಿಯದೇ ಇನ್ನೊಂದು ಪ್ರಶ್ನೆ. ಲೈಟ್ ಆರಿಸಿದ ಮೇಲೆ ಕತ್ತಲಲ್ಲಿ ಮೆಲ್ಲಗೆ ಕೇಳಿದಳು: "ಮತ್ತ ಯಾರರ ಒತ್ತಾಯ ಮಾಡಿ ಕೆಡಿಸಿದ್ರ? ಆಕಿದೂ ಹೋದಂಗಽ ಏನು?" ಯಾರೂ ಮಾತಾಡಲಿಲ್ಲ. ದೇಹದ ಲೆಕ್ಕ ಹಿಡಿದರೆ ಹೌದು ಅನ್ನಬೇಕು, ನಮ್ಮ ನಾಲ್ವರಲ್ಲಿ ಯಾರಿಗೂ ಹಾಗೆ ಹೇಳಲು ನಾಲಿಗೆ ಏಳಲಿಲ್ಲ. ಇಲ್ಲ ಅನ್ನುವುದಾದರೆ ರಕ್ತ, ಪೊರೆ, ‘ಪೂರ್ತಿ’ ಎಲ್ಲ ಬಿದ್ದುಹೋಗುತ್ತೆ.

ವಾರದ ಕೊನೆಗೆ ಚಿಕ್ಕಪ್ಪನ ಮಗಳಿಗೆ ಫೋನ್ ಮಾಡಿದೆ. ಎಂಬಿಬಿಎಸ್ ಓದುತ್ತಿದ್ದಾಳೆ. ನನ್ನ ಪೊರೆ ಸಿದ್ಧಾಂತ ಕೇಳಿ ಜೋರಾಗಿ ನಕ್ಕಳು. ಅದು ಬಾಗಿಲಿಗೆ ಬಡಿದ ಸೀಲ್ ಅಲ್ಲ ಕಣೇ ಅಂದಳು. ಬಾಯಿಯ ಸುತ್ತ ಇರುವ ತೆಳ್ಳನೆಯ ಅಂಚು ಅಷ್ಟೇ, ಮಧ್ಯದಲ್ಲಿ ಜಾಗ ಇದ್ದೇ ಇರುತ್ತೆ. ಇಲ್ಲದಿದ್ದರೆ ಮುಟ್ಟಿನ ರಕ್ತ ಹೊರಗೆ ಬರೋದು ಹೇಗೆ? (ಇಷ್ಟು ಸರಳ ಪ್ರಶ್ನೆ ನನಗೆ 20 ವರ್ಷ ಹೊಳೆದಿರಲೇ ಇಲ್ಲ.) ಒಬ್ಬೊಬ್ಬರಲ್ಲಿ ಒಂದೊಂದು ಆಕಾರ. ಕೆಲವರಿಗೆ ಹುಟ್ಟಿನಿಂದಲೇ ಕಾಣದಷ್ಟು ಸಣ್ಣದು. ದೊಡ್ಡವಳಾಗುವಾಗ ಹಾರ್ಮೋನಿನಿಂದಾಗಿ ಮೆತ್ತಗಾಗಿ ಹಿಗ್ಗುವ ಗುಣ ಬರುತ್ತೆ. ಹಾಗಾಗಿ ಮೊದಲ ಸಲ ರಕ್ತ ಬರಬಹುದು, ಬರದೇ ಇರಬಹುದು, ಎರಡೂ ಸಹಜ. ಅಮೆರಿಕದಲ್ಲಿ 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಬಗ್ಗೆಯೂ ಹೇಳಿದಳು. 36 ಮಂದಿ ಗರ್ಭಿಣಿ ಹದಿಹರೆಯದವರನ್ನು ಪರೀಕ್ಷಿಸಿದಾಗ, ಸಂಭೋಗ ಆಗಿದೆ ಅನ್ನುವುದಕ್ಕೆ ದೇಹದಲ್ಲಿ ಖಚಿತ ಕುರುಹು ಸಿಕ್ಕಿದ್ದು ಇಬ್ಬರಲ್ಲಿ ಮಾತ್ರ! ಬಸುರಿಯಾದವರಲ್ಲೇ ಕುರುಹು ಸಿಗದಿದ್ದರೆ ಇನ್ನು ಯಾರಲ್ಲಿ ಹುಡುಕುತ್ತೀರಿ?

ಬ್ಯಾಟರಿ ಹಾಕಿದರೂ ತೆಗೆದರೂ ಒಂದೇ ರೀಡಿಂಗ್ ತೋರಿಸುವ ಮಲ್ಟಿಮೀಟರ್ ಸಿಕ್ಕರೆ ನಮ್ಮ ಲ್ಯಾಬಿನವರು ಸೀದಾ ಗುಜರಿಗೆ ಹಾಕುತ್ತಾರೆ. ಹೆಣ್ಣುಮಕ್ಕಳ ವಿಷಯದಲ್ಲಿ ಮಾತ್ರ ಆ ಮೀಟರು ತಲೆಮಾರುಗಳಿಂದ ಓಡುತ್ತಲೇ ಇದೆ. ಕನ್ನಡದಲ್ಲಿ ಅದಕ್ಕೆ ‘ಕನ್ಯಾಪೊರೆ’ ಅಂತ ಹೆಸರಿಟ್ಟವರು ಯಾರೋ, ಅರ್ಧ ಅನಾಹುತ ಆ ಹೆಸರಿಂದಲೇ ಆಗಿದೆ. ಇಂಗ್ಲಿಷಿನವರು ‘ಹೈಮೆನ್’ ಅನ್ನುವುದಕ್ಕೆ ಮೂಲವಾದ ಗ್ರೀಕ್ ಪದದ ಅರ್ಥ ಬರೀ ‘ಪೊರೆ’. ನಾವು ಅದಕ್ಕೆ ಕನ್ಯೆಯನ್ನು ಸೇರಿಸಿ ಹೊಲಿದಿದ್ದೇವೆ.

ವೈದ್ಯರ ಪುಸ್ತಕಗಳಿಗೂ ಈ ಪದ ಬಿಡಿಸಲಾಗದ ಗಂಟು. 2018ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ವಿಶ್ವಸಂಸ್ಥೆಯ ಮಹಿಳಾ ಮತ್ತು ಮಾನವ ಹಕ್ಕು ವಿಭಾಗಗಳ ಜೊತೆ ಸೇರಿ ಸ್ಪಷ್ಟವಾಗಿ ಹೇಳಿತು: ಕನ್ಯತ್ವ ಅನ್ನುವುದು ವೈದ್ಯಕೀಯ ಪದವೇ ಅಲ್ಲ, ಸಮಾಜ ಕಟ್ಟಿಕೊಂಡ ಕಲ್ಪನೆ. ಅದನ್ನು ಪತ್ತೆ ಮಾಡುವ ಪರೀಕ್ಷೆ ಯಾವುದೂ ಇಲ್ಲ. ಹೀಗಿದ್ದೂ 2024ರ ಆಗಸ್ಟ್‌ನಲ್ಲಿ ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊರಡಿಸಿದ ಎಂಬಿಬಿಎಸ್ ಪಠ್ಯಕ್ರಮದಲ್ಲಿ ಕನ್ಯತ್ವದ ವ್ಯಾಖ್ಯೆ, ಕನ್ಯಾಪೊರೆಯ ಮಹತ್ವ ಮತ್ತೆ ಬಂದು ಕೂತಿತ್ತು. ಹಿಂದಿನ ಬಾರಿ ತೆಗೆದುಹಾಕಿದ್ದನ್ನೇ ತಿರುಗಿ ತಂದಿದ್ದರು. ಗಲಾಟೆಯಾದ ಮೇಲೆ ಸೆಪ್ಟೆಂಬರ್‌ನಲ್ಲಿ ಹಿಂದೆಗೆದುಕೊಂಡರು. "ಒಂದು ತಿಂಗಳು ಇತ್ತು, ಇನ್ನೊಂದು ತಿಂಗಳು ಹೋಯ್ತು, ನಿಮ್ಮ ಕಪ್ಪಿನ ಥರ" ಅಂತ ತಂಗಿ ತಮಾಷೆ ಮಾಡಿದಳು.

ಪುರಾಣದವರು ಈ ವಿಷಯದಲ್ಲಿ ನಮಗಿಂತ ಧಾರಾಳಿಗಳು ಅನ್ನಿಸುತ್ತೆ. ಸಣ್ಣವಳಿದ್ದಾಗ ಅಜ್ಜಿ ಹೇಳುತ್ತಿದ್ದ ಕಥೆಗಳನ್ನು ಈಗ ನೆನೆದರೆ ಆಶ್ಚರ್ಯ. ಕುಂತಿಗೆ ಸೂರ್ಯನಿಂದ ಕರ್ಣ ಹುಟ್ಟುತ್ತಾನೆ, ಕುಂತಿ ಮತ್ತೆ ಕನ್ಯೆಯಾಗುತ್ತಾಳೆ. ಸತ್ಯವತಿಗೆ ಪರಾಶರನಿಂದ ವ್ಯಾಸ ಹುಟ್ಟುತ್ತಾನೆ, ಅವಳಿಗೂ ಅದೇ ವರ. ಯಯಾತಿಯ ಮಗಳು ಮಾಧವಿ ಒಬ್ಬೊಬ್ಬ ರಾಜನಿಗೆ ಒಂದೊಂದು ಮಗು ಹೆತ್ತು ಪ್ರತಿ ಸಲವೂ ಕನ್ಯೆಯಾಗುತ್ತಾಳೆ. ಬೆಳಗ್ಗೆ ಎದ್ದು ನೆನೆಯಬೇಕು ಅನ್ನುವ ಪಂಚಕನ್ಯೆಯರ ಪಟ್ಟಿಯಲ್ಲಿರುವ ಅಹಲ್ಯೆ, ದ್ರೌಪದಿ, ಕುಂತಿ, ತಾರೆ, ಮಂಡೋದರಿ ಐವರೂ ಮದುವೆಯಾದವರು! ಈ ಕಥೆಗಳು ಹೆಣ್ಣಿಗೆ ನ್ಯಾಯ ಮಾಡಿದವು ಅಂತ ನಾನು ಹೇಳುತ್ತಿಲ್ಲ. ಮಾಧವಿಯನ್ನು ಕುದುರೆಗಳಿಗಾಗಿ ಕೈಯಿಂದ ಕೈಗೆ ದಾಟಿಸಿದ ಕಥೆ ಅದು. ಆದರೆ ಅಲ್ಲಿ ಕನ್ಯತ್ವ ವರದಿಂದ ಬರುವ ಸ್ಥಾನ, ಬೆಡ್‌ಶೀಟಿನ ಕಲೆ ಅಲ್ಲ. ಜಮಖಂಡಿ ಕಡೆಯಂತೂ ‘ಕನ್ಯಾ ನೋಡಾಕ ಹೋಗೋದು’ ಅಂದರೆ ಹೆಣ್ಣು ನೋಡುವ ಶಾಸ್ತ್ರ, ಅಷ್ಟೇ.

ಗಂಡಸರಿಗೆ ಈ ಪದವೇ ಇಲ್ಲ, ಗಮನಿಸಿದ್ದೀರಾ? ‘ಬ್ರಹ್ಮಚಾರಿ’ ಇದೆಯಲ್ಲ ಅಂತ ನಮ್ಮ ಕ್ಲಾಸಿನ ಹುಡುಗರು ಹೇಳಿದರು. 2023ರ ಫೆಬ್ರುವರಿಯಲ್ಲಿ ಹೆಣ್ಣು ಸಿಗದ ಮಂಡ್ಯ ಕಡೆಯ ರೈತ ಯುವಕರು ಮಲೆ ಮಹದೇಶ್ವರ ಬೆಟ್ಟಕ್ಕೆ ‘ಬ್ರಹ್ಮಚಾರಿಗಳ ಪಾದಯಾತ್ರೆ’ ಹೋಗಿದ್ದರು. ಅವರ ಕಷ್ಟದ ಬಗ್ಗೆ ನನಗೆ ಮರುಕ ಇದೆ, ನನ್ನ ಸೋದರಮಾವನ ಮಗನದೂ ಅದೇ ಕಥೆ. ಆದರೆ ದಾರಿಯುದ್ದಕ್ಕೂ ನಿಂತು ಮಜ್ಜಿಗೆ ಕೊಟ್ಟವರಾಗಲಿ, ಫೋಟೊ ತೆಗೆದವರಾಗಲಿ, ‘ನೀವು ನಿಜವಾಗ್ಲೂ ಬ್ರಹ್ಮಚಾರಿಗಳಾ, ಸರ್ಟಿಫಿಕೇಟ್ ಇದೆಯಾ’ ಅಂತ ಕೇಳಿರಲಿಕ್ಕಿಲ್ಲ. ಮದುವೆ ಆಗಿಲ್ಲ ಅಂದರೆ ಬ್ರಹ್ಮಚಾರಿ, ಮುಗೀತು. ಇನ್ನು ಕಾಲೇಜಿನಲ್ಲಿ ‘ನೀನಿನ್ನೂ ವರ್ಜಿನ್ನಾ?’ ಅನ್ನುವುದು ಹುಡುಗನನ್ನು ಅವಮಾನ ಮಾಡುವ ಮಾತು. ಅದೇ ಹುಡುಗ ನಾಳೆ ಹೆಣ್ಣು ನೋಡಲು ಹೋದಾಗ ಅದೇ ಪದ ಹುಡುಗಿಗೆ ಷರತ್ತು. ನನ್ನ ಪ್ರಾಜೆಕ್ಟ್ ಗುಂಪಿನ ಗೆಳೆಯನೊಬ್ಬ, ಗೆಳೆಯರು ನಗ್ತಾರೆ ಅಂತ ಇಲ್ಲದ ಅನುಭವದ ಕಥೆ ಕಟ್ಟಿ ಹೇಳಿದ್ದನ್ನು ಒಪ್ಪಿಕೊಂಡ. ಅವರ ಕಡೆಯೂ ಸುಳ್ಳು ಹೇಳಿಸುವ ಪದ ಇದು.

ನಮ್ಮ ಭಾಷೆಯಲ್ಲಿ ಇನ್ನೂ ಭಾರವಾದ ಪದ ‘ಶೀಲ’. ಪತ್ರಿಕೆಗಳ ಅಪರಾಧ ಪುಟದಲ್ಲಿ ‘ಶೀಲ ಶಂಕಿಸಿ ಪತ್ನಿಯ ಕೊಲೆ’ ಅನ್ನುವ ತಲೆಬರಹ ಎಷ್ಟು ಸಲ ಓದಿದ್ದೇವೋ ಲೆಕ್ಕವಿಲ್ಲ. ‘ಶಂಕಿಸಿ’ ಸಾಕು, ಸಾಬೀತಾಗುವುದೂ ಬೇಡ. ಶೀಲ ಅಂದರೆ ಮೂಲದಲ್ಲಿ ನಡತೆ. ಬುದ್ಧನ ಪಂಚಶೀಲದಲ್ಲಿ ಕೊಲ್ಲಬಾರದು, ಕದಿಯಬಾರದು, ಸುಳ್ಳಾಡಬಾರದು, ಕುಡಿಯಬಾರದು ಅನ್ನುವುದೂ ಶೀಲವೇ, ಕಾಮದಲ್ಲಿ ದಾರಿ ತಪ್ಪಬಾರದು ಅನ್ನುವುದೂ ಶೀಲವೇ, ಗಂಡಿಗೂ ಹೆಣ್ಣಿಗೂ. ಹೆಂಡತಿಯನ್ನು ಕೊಂದವನ ಶೀಲದ ಬಗ್ಗೆ ಆ ತಲೆಬರಹದಲ್ಲಿ ಏನೂ ಇರುವುದಿಲ್ಲ.

ಇಲ್ಲಿಯವರೆಗೆ ಹಾಸ್ಟೆಲಿನ ಚರ್ಚೆ. ಅದು ನಮ್ಮ ಮನೆಗೂ ಬಂತು.

ಅಕ್ಕನಿಗೆ 26. ಎಂ.ಕಾಂ. ಮುಗಿಸಿ ಬೆಂಗಳೂರಲ್ಲಿ ಕೆಲಸ, ನಾಲ್ಕು ವರ್ಷದಿಂದ ಪಿ.ಜಿ.ಯಲ್ಲಿದ್ದಾಳೆ. ಕಳೆದ ವರ್ಷ ಒಂದು ಸಂಬಂಧ ಕೂಡಿಬಂತು. ಹುಡುಗ ಸಾಫ್ಟ್‌ವೇರ್, ಜಾತಕ ಆಯಿತು, ಎರಡೂ ಕಡೆ ಒಪ್ಪಿಗೆ, ನಿಶ್ಚಿತಾರ್ಥಕ್ಕೆ ಛತ್ರಕ್ಕೆ ಅಡ್ವಾನ್ಸೂ ಕೊಟ್ಟಾಗಿತ್ತು. ಆಗ ಹುಡುಗನ ಸೋದರತ್ತೆ ಅಮ್ಮನಿಗೆ ಫೋನ್ ಮಾಡಿದರು. ದನಿ ಬೆಣ್ಣೆಯ ಹಾಗಿತ್ತಂತೆ. "ನೋಡಮ್ಮ, ನಮಗೇನೂ ಅನುಮಾನ ಇಲ್ಲ. ಹುಡುಗಿ ಬೆಂಗಳೂರಲ್ಲಿ ಒಬ್ಬಳೇ ಇದ್ದವಳು, ನಾಳೆ ನಾಲ್ಕು ಜನ ನಾಲ್ಕು ಮಾತಾಡಬಾರದು. ನಮಗೆ ಗೊತ್ತಿರೋ ಲೇಡಿ ಡಾಕ್ಟರ್ ಇದ್ದಾರೆ, ಒಂದ್ಸಲ ತೋರಿಸಿಬಿಟ್ರೆ ಎಲ್ಲರಿಗೂ ಸಮಾಧಾನ."

ಅಪ್ಪ ಏನೂ ಹೇಳದೆ ಹೊಲದ ಕಡೆ ಹೋದರು. ಅಮ್ಮ, "ಏನೂ ಇಲ್ಲ ಅಂದ್ಮೇಲೆ ಹೋಗಿ ಬಂದ್ರೆ ಏನು ಗಂಟು ಹೋಗುತ್ತೆ?" ಅಂದಳು.

ನಾನು ಏನು ಮಾಡಿದೆ ಅಂತ ಹೇಳಲು ನಾಚಿಕೆಯಾಗುತ್ತೆ. ಹಾಸ್ಟೆಲಿನಲ್ಲಿ ರಾತ್ರಿ ಎರಡರವರೆಗೆ ವಾದ ಮಾಡಿದವಳು, 36ರಲ್ಲಿ 2 ಅಂತ ಎಲ್ಲರಿಗೂ ಹೇಳಿಕೊಂಡು ಓಡಾಡಿದವಳು, ಅಕ್ಕನಿಗೆ ಫೋನ್ ಮಾಡಿ ಕೇಳಿದ ಮೊದಲ ಮಾತು: "ಅಕ್ಕಾ, ನಿಂದೇನೂ ಇಲ್ಲ ತಾನೇ?"

ಆ ಕಡೆಯಿಂದ ಬಸ್ಸಿನ ಹಾರ್ನ್ ಕೇಳಿಸಿತು. ಅಕ್ಕ ಏನೂ ಹೇಳದೆ ಫೋನ್ ಇಟ್ಟಳು.

ಮರುದಿನ ಅವಳು ಅಪ್ಪನಿಗೆ ಫೋನ್ ಮಾಡಿದಳು. "ಅವರ ಮಗನೂ ಪುಣೆಯಲ್ಲಿ ಮೂರು ವರ್ಷ ಒಬ್ಬನೇ ಇದ್ದ. ಅವನನ್ನ ಯಾವ ಡಾಕ್ಟರ ಹತ್ರ ಕಳಿಸ್ತಾರೆ ಕೇಳಿ ಅಪ್ಪ. ಅಲ್ಲಿಗೆ ನಾನೂ ಹೋಗ್ತೀನಿ." ಅಪ್ಪ ಹೆಚ್ಚು ಮಾತಿನವರಲ್ಲ. ಆದರೆ ಇದನ್ನು ಒಂದಕ್ಷರ ಬಿಡದೆ ಹುಡುಗನ ಮನೆಯವರಿಗೆ ಹೇಳಿದರು. ಸಂಬಂಧ ಮುರಿಯಿತು. ಛತ್ರದ ಅಡ್ವಾನ್ಸ್ ವಾಪಸ್ ಬರಲಿಲ್ಲ.

ಊರಲ್ಲಿ ಮಾತು ಹಬ್ಬಲು ಎರಡು ದಿನ ಸಾಕಾಯಿತು: ‘ಪರೀಕ್ಷೆಗೆ ಒಪ್ಪಲಿಲ್ಲ ಅಂದ್ರೆ ಏನೋ ಇರಬೇಕು.’ ಬರೆಯದಿದ್ದರೂ ಫೇಲ್ ಮಾಡುವ ಪರೀಕ್ಷೆ ನಮ್ಮ ಯೂನಿವರ್ಸಿಟಿಯಲ್ಲೂ ಉಂಟು, ಆದರೆ ಅಲ್ಲಿ ಸಪ್ಲಿಮೆಂಟರಿ ಇರುತ್ತೆ.

ಆಮೇಲೆ ನಾನು ಹುಡುಕಿ ಹುಡುಕಿ ಓದಿದೆ. ನಮ್ಮದೊಂದೇ ಮನೆ ಅಲ್ಲ, ನಮ್ಮದೊಂದೇ ದೇಶವೂ ಅಲ್ಲ. 1979ರ ಜನವರಿಯಲ್ಲಿ ಮದುವೆಗೆಂದು ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದಲ್ಲಿ ಇಳಿದ 35 ವರ್ಷದ ಭಾರತೀಯ ಶಿಕ್ಷಕಿಯನ್ನು ಅಲ್ಲಿನ ವಲಸೆ ಅಧಿಕಾರಿಗಳು ಹೀಗೆಯೇ ಪರೀಕ್ಷೆಗೆ ಒಳಪಡಿಸಿದ್ದರು. ನಿಜವಾಗಿ ಮದುವೆಯಾಗದವಳೇ ಅಂತ ನೋಡಲು! ಬಿಳಿಯರ ಸರ್ಕಾರಕ್ಕೂ ನಮ್ಮ ಸೋದರತ್ತೆಗೂ ಒಂದೇ ಮೀಟರು. ಮಹಾರಾಷ್ಟ್ರದ ಕಂಜಾರಭಾಟ್ ಸಮುದಾಯದಲ್ಲಿ ಮೊದಲ ರಾತ್ರಿಯ ಬಿಳಿ ಬಟ್ಟೆಯನ್ನು ಜಾತಿ ಪಂಚಾಯಿತಿಗೆ ತೋರಿಸುವ ಪದ್ಧತಿಯ ವಿರುದ್ಧ ಅದೇ ಸಮುದಾಯದ ಹುಡುಗ ಹುಡುಗಿಯರು ವಾಟ್ಸ್‌ಆ್ಯಪ್ ಗುಂಪು ಕಟ್ಟಿ ನಿಂತರು. 2018ರಲ್ಲಿ ಅದಕ್ಕಾಗಿ ಕೆಲವರು ಪೆಟ್ಟೂ ತಿಂದರು. ಮರುವರ್ಷ ಅಲ್ಲಿನ ಸರ್ಕಾರ ಇಂಥ ಪರೀಕ್ಷೆಯನ್ನು ಲೈಂಗಿಕ ದೌರ್ಜನ್ಯವೆಂದು ಪರಿಗಣಿಸುವುದಾಗಿ ಹೇಳಿತು. ಅವರ ವಿಷಯ ಓದಿ ‘ಛೆ, ಎಂಥ ಜನ’ ಅನ್ನುವುದು ಸುಲಭ. ಬೆಣ್ಣೆಯಂಥ ದನಿಯಲ್ಲಿ ಲೇಡಿ ಡಾಕ್ಟರ್ ಹೆಸರು ಹೇಳುವುದೂ ಅದೇ ಬಿಳಿ ಬಟ್ಟೆ.

ಕಾನೂನು ಈಗ ಸ್ಪಷ್ಟವಾಗಿದೆ. ಅತ್ಯಾಚಾರಕ್ಕೆ ಒಳಗಾದವರ ಮೇಲೆ ನಡೆಸುತ್ತಿದ್ದ ಎರಡು ಬೆರಳಿನ ಪರೀಕ್ಷೆ ಅವರ ಖಾಸಗಿತನ, ಘನತೆಗೆ ಧಕ್ಕೆ ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿತ್ತು. 2022ರ ಅಕ್ಟೋಬರ್ 31ರಂದು, ಇನ್ನು ಮುಂದೆ ಅದನ್ನು ಮಾಡಿದವರು ದುರ್ನಡತೆಯ ತಪ್ಪಿತಸ್ಥರು ಅಂತಲೂ ಹೇಳಿತು. ಕೇರಳದ ಸಿಸ್ಟರ್ ಅಭಯಾ ಪ್ರಕರಣದಲ್ಲಿ ಆರೋಪಿಯಾಗಿದ್ದ ಸನ್ಯಾಸಿನಿಯನ್ನು 2008ರಲ್ಲಿ ಕನ್ಯತ್ವ ಪರೀಕ್ಷೆಗೆ ಒಳಪಡಿಸಿದ್ದು ಸಂವಿಧಾನಕ್ಕೆ ವಿರುದ್ಧ ಎಂದು 2023ರ ಫೆಬ್ರುವರಿಯಲ್ಲಿ ದೆಹಲಿ ಹೈಕೋರ್ಟ್ ತೀರ್ಪು ಕೊಟ್ಟಿತು. ಕೊಲೆ ಆರೋಪಿಗೇ ಮಾಡಬಾರದ ಪರೀಕ್ಷೆಯನ್ನು ಮದುವೆಯಾಗುವ ಹುಡುಗಿಗೆ ಮಾಡಿಸಿ ಅನ್ನುತ್ತಾರೆ. ಇದನ್ನೆಲ್ಲ ಅಮ್ಮನಿಗೆ ಓದಿ ಹೇಳಿದೆ. ಕೋರ್ಟು ಬಂದು ಮದುವೆ ಮಾಡಿಸುತ್ತಾ ಅಂದಳು.

ಆದರೆ ದಸರಾ ರಜೆಯಲ್ಲಿ, ಹಿತ್ತಲಲ್ಲಿ ಅವರೆಕಾಯಿ ಗಿಡಕ್ಕೆ ಕಡ್ಡಿ ಊರುತ್ತಿದ್ದಾಗ, ಅಮ್ಮ ನನ್ನ ಮುಖ ನೋಡದೆ ಹೇಳಿದಳು: "ನಂಗೂ ಬಂದಿರ್ಲಿಲ್ಲ." ಏನು ಅಂದೆ. "ಅದೇ. ಮೊದಲ ದಿನ. ಬೆಳಗ್ಗೆ ನಿಮ್ಮಜ್ಜಿ ಹಾಸಿಗೆ ಮಡಚೋ ನೆಪದಲ್ಲಿ ಬಂದು ನೋಡಿದ್ರು. ಏನೂ ಕೇಳ್ಲಿಲ್ಲ. ಆದ್ರೆ ನಿಮ್ಮಕ್ಕ ಹುಟ್ಟೋವರೆಗೂ ನನ್ನ ಹತ್ರ ಸರಿಯಾಗಿ ಮಾತಾಡ್ಲಿಲ್ಲ. ನಿಮ್ಮಪ್ಪ ಏನೂ ಅನ್ನಲಿಲ್ಲ, ಅದು ನನ್ನ ಪುಣ್ಯ."

28 ವರ್ಷ ಅಮ್ಮ ಇದನ್ನು ಯಾರ ಹತ್ತಿರವೂ ಹೇಳಿರಲಿಲ್ಲ. ತನ್ನಲ್ಲೇ ಏನೋ ದೋಷ ಇತ್ತು ಅಂತಲೇ ತಿಳಿದಿದ್ದಳು. ನಾನು ಅಲ್ಲೇ ಮಣ್ಣು ಕೈಯಲ್ಲೇ ತಂಗಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದೆ. ಬರಬಹುದು, ಬರದೇ ಇರಬಹುದು, ಎರಡೂ ಸಹಜ ದೊಡ್ಡಮ್ಮ ಅಂತ ಅವಳು ಇನ್ನೊಂದು ಸಲ ಹೇಳಿದಳು. ಅಮ್ಮ ಕಡ್ಡಿ ಹಿಡಿದುಕೊಂಡು ಸುಮ್ಮನೆ ನಿಂತಿದ್ದಳು. ನನಗೆ ಕುಂತಿಯ ಕಥೆ ಹೇಳಿದ ಅಜ್ಜಿಯೂ ಹಾಸಿಗೆ ಮಡಚಲು ಬಂದ ಅಜ್ಜಿಯೂ ಒಬ್ಬರೇ. ಅವರ ಮೊದಲ ದಿನ ಹಾಸಿಗೆ ಮಡಚಲು ಯಾರು ಬಂದಿದ್ದರೋ.

ಪುತ್ತೂರಿನ ವಿಷಯ ಹೇಳದಿದ್ದರೆ ತಪ್ಪಾಗುತ್ತೆ. ಇದನ್ನೆಲ್ಲ ಕೇಳಿದ ಮೇಲೂ ಅವಳು ಮದುವೆಯವರೆಗೆ ಕಾಯುವವಳೇ. ನನಗೂ ಅದು ಹಳೇ ಕಾಲದ್ದು ಅನ್ನಿಸಲಿಲ್ಲ. "ಅದು ನನ್ನ ವ್ರತದ ಹಾಗೆ. ನಾನು ಯಾರಿಗೂ ಹೇಳಿ ಮಾಡುವುದಲ್ಲ. ಏಕಾದಶಿ ಉಪವಾಸ ಇದ್ದವಳ ಹೊಟ್ಟೆ ಕೊಯ್ದು ನೋಡ್ತಾರಾ?" ಅಂದಳು. ಕನ್ಯತ್ವಕ್ಕೆ ನಾಲ್ಕು ಉತ್ತರ ಕೊಟ್ಟ ನಮ್ಮ ರೂಮಿನಲ್ಲಿ ನನಗೆ ಇವತ್ತಿಗೂ ಅರ್ಥ ಇರುವಂತೆ ಕಾಣುವುದು ಅದೊಂದೇ. ಅವಳು ಇಟ್ಟುಕೊಂಡ ಮಾತು, ಅವಳಿಗೆ ಬೇಕಾದರೆ ಇಟ್ಟುಕೊಳ್ಳುತ್ತಾಳೆ. ಬೇರೆಯವರು ಬಂದು ಇದೆಯಾ ಇಲ್ಲವಾ ಅಂತ ನೋಡಲು ಅಲ್ಲಿ ಏನೂ ಇಲ್ಲ. ಜಮಖಂಡಿ ಮಾತ್ರ ಇನ್ನೂ ಕಪ್ಪಿಗೆ ಒಪ್ಪಿಲ್ಲ. ಕುದಿಯುವ ನೀರಲ್ಲಿ ಎಷ್ಟು ನಿಮಿಷ ಇಡಬೇಕು ಅಂತ ಮೊನ್ನೆ ಕೇಳಿದ್ದಾಳೆ, ಅಷ್ಟೇ.

ಈ ಲೇಖನ ಕಳಿಸುವ ಮೊದಲು ಅಮ್ಮನನ್ನೂ ಅಕ್ಕನನ್ನೂ ಕೇಳಿದೆ. ಊರ ಹೆಸರು ಹಾಕಬೇಡ ಅಂತ ಅಮ್ಮ ಹೇಳಿದಳು, ಹಾಕಿಲ್ಲ. ಅಕ್ಕ ಪೂರ್ತಿ ಓದಿ, ಸಂಬಂಧ ಮುರಿದ ಜಾಗದಲ್ಲಿ ನಾನು ಬರೆದಿದ್ದ ಒಂದು ಸಾಲಿನ ಮೇಲೆ ಬೆರಳಿಟ್ಟಳು. ‘ನಿಜ ಹೇಳಬೇಕೆಂದರೆ ನಮ್ಮಕ್ಕನದು ಅಂಥದ್ದೇನೂ ಇರಲಿಲ್ಲ’ ಅಂತ ಬರೆದಿದ್ದೆ.

"ಇದನ್ನ ಯಾಕೆ ಹೇಳ್ತಿದ್ದೀಯ?" ಅಂತ ಕೇಳಿದಳು.

ಆ ಸಾಲು ತೆಗೆದಿದ್ದೇನೆ.